ಟ್ಯಾಂಕು ಒಳಗೋ ಹೊರಗೋ

ಮೀನು ಸಾಕಿದರೆ ಮನೆಗೆ ನೆಮ್ಮದಿ ಬರುತ್ತದೆ ಅಂತ ಹೇಳಿದವರು ಡಿಸ್ಕಸ್ ಮೀನು ಸಾಕಿರಲಿಕ್ಕಿಲ್ಲ. ನಮ್ಮ ಮನೆಗೆ ಅವು ಬಂದ ಮೇಲೆ ಒಂದು ಪಜೀತಿ ಮುಗಿಯುವ ಮೊದಲೇ ಇನ್ನೊಂದು ಬಾಗಿಲು ತಟ್ಟುತ್ತಿತ್ತು.

ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯಲ್ಲೇ ನಾನು ಬ್ಲೌಸ್ ಹೊಲಿಯುತ್ತೇನೆ. ಹೊಲಿದು ಕಣ್ಣು ಸೋತಾಗ ನೋಡಲು ಏನಾದರೂ ಚೆಂದದ್ದು ಇರಲಿ ಅಂತ ವಿಜಯನಗರದ ಅಂಗಡಿಯಿಂದ ಒಂದು ಟ್ಯಾಂಕು, ಎರಡು ಡಿಸ್ಕಸ್ ತಂದೆ. ತಟ್ಟೆ ಇಡ್ಲಿಯಂತೆ ದುಂಡಗೆ, ಮೈತುಂಬ ನೀಲಿ ಗೆರೆ. ಗಂಡು ಯಾವುದು, ಹೆಣ್ಣು ಯಾವುದು ಅಂತ ಕೇಳಿದರೆ ಅಂಗಡಿಯವನು, "ಅದು ಅವಕ್ಕೇ ಗೊತ್ತು ಮೇಡಂ" ಅಂದ.

ಅತ್ತೆ ಟ್ಯಾಂಕಿನ ಸುತ್ತ ಒಂದು ಸುತ್ತು ಬಂದು ತೀರ್ಪು ಕೊಟ್ಟರು. "ನೋಡಮ್ಮಾ, ಪೂಜೆ ಪುನಸ್ಕಾರ ಇರೋ ಮನೆ. ಒಂದು ಮೀನು ಸತ್ರೂ ಅವತ್ತೇ ಟ್ಯಾಂಕು ಹೊರಗೆ."

ನಾನು ಆಗಲಿ ಅಂದುಬಿಟ್ಟೆ. ಮೀನುಗಳಲ್ಲೇ ಇವು ಮಹಾ ನಾಜೂಕು ಅಂತ ತಿಳಿದದ್ದು ಆಮೇಲೆ.

ಅತಿಥಿ ಸತ್ಕಾರ

ಇವಕ್ಕೆ ನೀರು ಬೆಚ್ಚಗಿರಬೇಕು, ಕ್ಲೋರಿನ್ ವಾಸನೆ ಇರಬಾರದು. ಕಾವೇರಿ ನೀರು ಬಂದ ದಿನ ಬಚ್ಚಲಿನ ಡ್ರಮ್ಮಿಗೆ ತುಂಬಿಸಿ, ಒಂದು ದಿನ ಹಾಗೇ ಬಿಟ್ಟು, ಹೀಟರ್ ಇಳಿಬಿಟ್ಟು, ಥರ್ಮಾಮೀಟರ್ ನೋಡಿ ಹದ ಮಾಡುತ್ತಿದ್ದೆ. ನನ್ನ ಗಂಡನ ಸ್ನಾನದ ನೀರನ್ನು ನಾನು ಒಂದು ದಿನವೂ ಹೀಗೆ ನೋಡಿಕೊಂಡವಳಲ್ಲ.

ಒಂದು ದಿನ ತುಮಕೂರಿನಿಂದ ಅವರ ಚಿಕ್ಕಪ್ಪ ಬಂದರು. ನಾನು ಹೀಟರ್ ತೆಗೆದಿಟ್ಟು ಒಲೆ ಹತ್ತಿರ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಬಚ್ಚಲ ಬಾಗಿಲು ಹಾಕಿತ್ತು, ಒಳಗಿನಿಂದ ಚೊಂಬಿನ ಸದ್ದು. ಅವರು ಹೊರಗೆ ಬಂದಾಗ ಡ್ರಮ್ಮಿನ ತಳ ಕಾಣುತ್ತಿತ್ತು.

ಮೀನಿಗೆ ಎರಡು ದಿನ ಹೊಸ ನೀರಿಲ್ಲ. ನನಗೆ ಅನ್ನ ಸೇರಲಿಲ್ಲ. ಅವು ಮಾತ್ರ ಏನೂ ಆಗದವರಂತೆ ಈಜುತ್ತಿದ್ದವು, ಜೀವಕ್ಕೆ ಜೀವ ಬಂತು. ಆದರೆ ಚಿಕ್ಕಪ್ಪನವರು ಅವತ್ತೇ ತಲೆ ಒರೆಸಿಕೊಳ್ಳುತ್ತಾ, ಹಿರಿಯರಿಗೆ ಇಷ್ಟು ಹದವಾದ ನೀರು ತೆಗೆದಿಡುವ ಸೊಸೆ ಸಿಗುವುದು ಪುಣ್ಯ ಅಂತ ಹೊಗಳಿ, ಇನ್ನೂ ನಾಲ್ಕು ದಿನ ಉಳಿದುಕೊಂಡರು.

ಕೆಂಪು ಜೆರ್ಸಿ

ಕ್ರಿಕೆಟ್ ಸೀಸನ್ ಶುರುವಾಯಿತು. ಒಂದು ಸಂಜೆ ನೋಡುತ್ತೇನೆ, ಎರಡೂ ಮೀನು ಕಪ್ಪಗಾಗಿ, ಮೂಲೆಗೆ ಮುಖ ಮಾಡಿ ನಿಂತಿವೆ. ಅತ್ತೆ ಮುಂಬಾಗಿಲ ಕಡೆ ಒಮ್ಮೆ ನೋಡಿದರು.

ಅಂಗಡಿಯವನಿಗೆ ಫೋನ್ ಮಾಡಿದೆ. ಹೆದರಿದರೆ ಇವು ಕಪ್ಪಗಾಗುತ್ತವೆ, ಕಣ್ಣು ಕುಕ್ಕುವ ಬಣ್ಣ ಅಲ್ಲೇನಾದರೂ ಓಡಾಡುತ್ತಿದೆಯಾ ಅಂತ ಕೇಳಿದ. ತಿರುಗಿ ನೋಡಿದೆ. ನನ್ನ ಗಂಡ ಕೆಂಪು ಜೆರ್ಸಿ ಹಾಕಿಕೊಂಡು, ಪ್ರತಿ ಬೌಂಡರಿಗೂ ಸೋಫಾದಿಂದ ಮೇಲೇಳುತ್ತಿದ್ದರು.

ಜೆರ್ಸಿ ಬಿಚ್ಚಿಸಿದೆ. ಆಟ ಮುಗಿಯುವಷ್ಟರಲ್ಲಿ ಮೀನಿಗೆ ಬಣ್ಣ ಬಂತು. ಆ ಸೀಸನ್ ಪೂರ್ತಿ ಅವರು ಬನಿಯನ್ನಿನಲ್ಲಿ, ಬಾಯಿಗೆ ಟವೆಲ್ ಹಿಡಿದುಕೊಂಡೇ ಮ್ಯಾಚ್ ನೋಡಿದರು. ತಂಡ ಸೋತ ದಿನ ಕಪ್ಪಗಾಗಿ ಮೂಲೆ ಹಿಡಿಯುತ್ತಿದ್ದವರು ಅವರೊಬ್ಬರೇ.

ಬಿಳಿ ಚುಕ್ಕೆ

ಜೆರ್ಸಿ ಬೀರುವಿನಲ್ಲೇ ಇದ್ದರೂ ಒಂದು ಬೆಳಿಗ್ಗೆ ಮೀನು ಮತ್ತೆ ಕಪ್ಪಗಾದವು. ಊಟ ಬಿಟ್ಟವು. ಸಾಲದ್ದಕ್ಕೆ ಮೈಮೇಲೆಲ್ಲ ಬಿಳಿ ಚುಕ್ಕೆ. ಮೀನಿನ ಚುಕ್ಕೆ ರೋಗದ ಬಗ್ಗೆ ಮೊಬೈಲಿನಲ್ಲಿ ಓದಿದ್ದೆ. ಇನ್ನು ಮುಗಿಯಿತು ಅಂದುಕೊಂಡೆ. ಅಂಗಡಿಯವನು ಹೇಳಿದ ಔಷಧಿಯನ್ನು ಗಂಡ ಓಡಿಹೋಗಿ ತಂದರು. ಮುಚ್ಚಳ ತೆಗೆದು ಇನ್ನೇನು ನೀರಿಗೆ ಹಾಕಬೇಕು, ಅತ್ತೆ ನನ್ನ ಕೈ ಹಿಡಿದರು.

"ತಡಿಯೇ, ಚುಕ್ಕೆ ಓಡಾಡ್ತಾ ಇದೆಯಲ್ಲೇ."

ಕನ್ನಡಕ ಹಾಕಿಕೊಂಡು ನೋಡಿದೆ. ಚುಕ್ಕೆಗಳು ಒಂದು ಮೀನಿನ ಮೈಯಿಂದ ಹಾರಿ ಇನ್ನೊಂದರ ಮೈಗೆ ಅಂಟಿಕೊಳ್ಳುತ್ತಿದ್ದವು. ಅದು ರೋಗವಲ್ಲ, ಮರಿಗಳು. ಫಿಲ್ಟರ್ ಹಿಂದೆ ಮೊಟ್ಟೆ ಇಟ್ಟದ್ದು ನಮಗೆ ಗೊತ್ತೇ ಆಗಿರಲಿಲ್ಲ. ಅಪ್ಪ ಅಮ್ಮನ ಮೈಯ ಲೋಳೆಯೇ ಈ ಮರಿಗಳಿಗೆ ಹಾಲು, ಮರಿಗಳ ಕಣ್ಣಿಗೆ ಬೀಳಲಿ ಅಂತಲೇ ಅವು ಕಪ್ಪಗಾದದ್ದು. ಔಷಧಿ ಬಾಟಲಿ ಕೆಳಗಿಟ್ಟು ನೆಲದ ಮೇಲೇ ಕೂತುಬಿಟ್ಟೆ. ಅಳುವೂ ಬಂತು, ನಗುವೂ ಬಂತು.

ಆ ಗಳಿಗೆಯಿಂದ ಮನೆಯ ಕಾರುಬಾರು ಅತ್ತೆಯದು. ಗಾಳಿ ಆಡಬಾರದು ಅಂತ ಕಿಟಕಿ ಮುಚ್ಚಿದರು. ದೃಷ್ಟಿಯಾಗದಿರಲಿ ಅಂತ ಟ್ಯಾಂಕಿನ ಮೂರು ಕಡೆ ತಮ್ಮ ಹಳೇ ಸೀರೆ ಇಳಿಬಿಟ್ಟರು. ಸಾಂಬ್ರಾಣಿ ಹೊಗೆ ಹಾಕಲು ಹೊರಟವರನ್ನು ನಾನೇ ಕಾಲಿಗೆ ಬಿದ್ದು ತಡೆದೆ. ಒಟ್ಟಿನಲ್ಲಿ ಟ್ಯಾಂಕು ಇದ್ದಲ್ಲೇ ಇತ್ತು, ಹೊರಗೆ ಹೋದದ್ದು ಟಿವಿ, ನನ್ನ ಹೊಲಿಗೆ ಮಿಷನ್ನು ಮತ್ತು ನನ್ನ ಗಂಡ.

ಸಂಜೆ ಎದುರುಮನೆಯವರು ಬ್ಲೌಸ್ ತೆಗೆದುಕೊಳ್ಳಲು ಬಂದರು. ಅತ್ತೆ ಹೊಸಿಲಿನಲ್ಲೇ ಅಡ್ಡ ನಿಂತು, ಮನೇಲಿ ಬಾಣಂತನ ನಡೀತಿದೆ, ಒಳಗೆ ಬರಬೇಡಿ ಅಂದರು. ಅವರು ಮೆಟ್ಟಿಲ ಪಕ್ಕದಲ್ಲಿ ಮಿಷನ್ ತುಳಿಯುತ್ತಾ ಕೂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೂ ಅರ್ಥವಾಗದೆ, ಮೆಲ್ಲಗೆ ಅತ್ತೆಯನ್ನು ಕೇಳಿದರು.

"ಹೌದಾ ಆಂಟಿ? ಗಂಡೋ ಹೆಣ್ಣೋ?"

ಅತ್ತೆ ಮುಖದಲ್ಲಿ ಎಂಥಾ ಕಳೆ ಅಂತೀರಿ.

"ಅದಿನ್ನೂ ಗೊತ್ತಾಗ್ತಿಲ್ಲಮ್ಮಾ. ನೂರರ ಮೇಲಿದಾವೆ."