ನನ್ನ ಹೆಬ್ಬೆರಳು, ಅವರ ಫೋನು

ನನ್ನ ಗಂಡ ಹೇಡಿ. ಇದು ಬೈಗುಳವಲ್ಲ, ಅರ್ಧ ಶತಮಾನ ಹತ್ತಿರದಿಂದ ನೋಡಿ ಬಂದ ತೀರ್ಮಾನ. (ತರ್ಕಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು, ಪುರಾವೆಯಿಲ್ಲದೆ ಮಾತಾಡುವುದಿಲ್ಲ.) ಕುಕ್ಕರ್ ಸೀಟಿ ಹಾಕಿದರೆ ಅವರು ವರಾಂಡಕ್ಕೆ ಹೋಗುತ್ತಾರೆ. ಲಿಫ್ಟ್ ಹತ್ತುವುದಿಲ್ಲ. ಮನೆಯೆದುರಿನ ರಸ್ತೆಯನ್ನು ಅಗಲ ಮಾಡಿದ ಮೇಲೆ ಒಬ್ಬರೇ ದಾಟಿದ್ದೇ ಇಲ್ಲ. ನನ್ನ ಬೆನ್ನಿಗಂಟಿಕೊಂಡೇ ದಾಟುವುದು.

ಕಳೆದ ತಿಂಗಳು ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತುಬಿಟ್ಟರು. ನನ್ನನ್ನು ಕರೆಯೋಣವೆಂದರೆ ಜೇಬಿನ ಹಳೇ ಗುಂಡಿ ಫೋನು ಕೆಟ್ಟು ಕೂತಿತ್ತು. ನಾನು ಒಳಗೆ ಪುಸ್ತಕ ಹಿಡಿದಿದ್ದೆ. ಪಕ್ಕದ ಮನೆಯಾಕೆ ಬಂದು ಬಾಗಿಲು ಬಡಿದಾಗಲೇ ಗೊತ್ತಾದದ್ದು. ಡಾಕ್ಟರು, "ಎದೆ ಬಡಿತ ಆಗಾಗ ತಪ್ತಾ ಇದೆ, ಜೋಪಾನ" ಎಂದರು. ಅಂದಿನಿಂದ ಬಚ್ಚಲಲ್ಲಿ ಚೊಂಬು ಬಿದ್ದರೂ ನನ್ನ ಜೀವ ಬಾಯಿಗೆ ಬರುತ್ತದೆ. ಇದು ಭಯವಲ್ಲ, ಎಚ್ಚರ. ಭಯದ ಖಾತೆ ನಮ್ಮ ಮನೆಯಲ್ಲಿ ಅವರದು.

ಆದ್ದರಿಂದ ಸ್ಮಾರ್ಟ್‌ಫೋನು. ಅಂಗಡಿಯಾತ ದೊಡ್ಡ ಅಕ್ಷರದ್ದೊಂದನ್ನು ಮುಂದಿಟ್ಟ. ನಮ್ಮವರು ಅದನ್ನು ಮಲಗಿದ ಹಾವನ್ನು ನೋಡುವಂತೆ ನೋಡಿದರು.

"ಮುಟ್ಟಿ ನೋಡಿ ಸರ್, ಏನೂ ಆಗಲ್ಲ."

"ಏನೂ ಆಗಲ್ಲ ಅಂದ್ರೆ ಯಾಕಪ್ಪಾ ತಗೋಬೇಕು?"

"ಮಾತಾಡಿದ್ರೆ ತಿರುಗಿ ಉತ್ತರ ಕೊಡುತ್ತೆ ಸರ್!"

"ಮನೇಲಿ ಈಗಾಗಲೇ ಒಬ್ಬರಿದ್ದಾರೆ."

ನನಗೆ ಬೇಕಿದ್ದದ್ದು ಅಭೇದ್ಯವಾದ ಬೀಗ. ಗುಟ್ಟಿನ ಸಂಖ್ಯೆ ಕೊಟ್ಟರೆ ಇವರು ಮರೆಯುವ ಭಯಕ್ಕೆ ಗೋಡೆಯ ಮೇಲೆ ಬರೆದಿಡುವವರು. ಹಾಗಾಗಿ ಬೆರಳಚ್ಚೇ ಸರಿ ಎಂದೆ. ಆದರೆ ಇವರು ಮರಗೆಲಸದ ಮೇಷ್ಟ್ರಾಗಿದ್ದವರು. ಮರ ಉಜ್ಜಿ ಉಜ್ಜಿ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಹತ್ತೂ ಬೆರಳನ್ನು ಫೋನು ತಿರಸ್ಕರಿಸಿತು.

"ಸದ್ಯಕ್ಕೆ ನಿಮ್ಮದೇ ಇಡಿ ಅಮ್ಮಾ," ಎಂದ ಅಂಗಡಿಯಾತ. ಇಟ್ಟೆ. ಗುಟ್ಟಿನ ಸಂಖ್ಯೆಯನ್ನೂ ನನ್ನ ತಲೆಯಲ್ಲೇ ಭದ್ರಪಡಿಸಿದೆ.

"ಅಂದ್ರೆ, ನೀನಿಲ್ಲದಾಗ ನಿನ್ನ ಕರೀಬೇಕು ಅಂದ್ರೆ ನೀನಿರಬೇಕು," ಎಂದರು ನಮ್ಮವರು. "ಇದು ಯಾವ ತರ್ಕ ಪ್ರೊಫೆಸರಮ್ಮಾ?"

"ನಾನೇ ಕರೀತೀನಿ ರೀ. ನೀವು ಎತ್ತಿದ್ರೆ ಸಾಕು."

ಮನೆಗೆ ಬಂದು ವಂಚಕರ ಬಗ್ಗೆ ದೀರ್ಘ ಉಪನ್ಯಾಸ ಕೊಟ್ಟೆ. "ಒಂದು ಬೆರಳು ತಪ್ಪಿದ್ರೆ ಪಿಂಚಣಿ ಪೂರ್ತಿ ಗುಳುಂ. ಬಹುಮಾನ ಅಂದ್ರೆ ಮುಟ್ಟಬೇಡಿ, ನೀಲಿ ಅಕ್ಷರ ಮುಟ್ಟಬೇಡಿ. ಗೊತ್ತಿರೋರ ಮುಖ ತೋರಿಸಿಯೇ ಮೋಸ ಮಾಡ್ತಾರಂತೆ." ನಾನು ಕಲಿಸಿದ್ದು ನಾಟದೆ ಹೋದದ್ದಿಲ್ಲ. ಅವರು ಫೋನನ್ನು ಟವೆಲಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟರು.

ನಿನ್ನೆ ಹಲ್ಲು ಕೀಳಿಸಲು ರಸ್ತೆಯಾಚೆಯ ದಂತವೈದ್ಯರಲ್ಲಿಗೆ ಹೋಗಿದ್ದೆ. ಕಿತ್ತಾಯಿತು. ಅರ್ಧ ಬಾಯಿ ಮರಗಟ್ಟಿ, ಹತ್ತಿ ಕಚ್ಚಿಕೊಂಡು ಹೊರಗೆ ಬಂದರೆ, ಆಂಬುಲೆನ್ಸೊಂದು ಕೂಗುತ್ತ ಬಂದು ನಮ್ಮ ಕಟ್ಟಡದ ಮುಂದೆಯೇ ನಿಂತಿತು. ಇಬ್ಬರು ಸ್ಟ್ರೆಚರ್ ಹಿಡಿದು ಒಳಗೆ ಓಡಿದರು.

ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ.

ಆಂಬುಲೆನ್ಸು ನಮ್ಮ ಬಾಗಿಲಲ್ಲಿದೆ, ಅವರು ಫೋನು ಎತ್ತುತ್ತಿಲ್ಲ, ಆದ್ದರಿಂದ... ಆದ್ದರಿಂದದ ಮುಂದಕ್ಕೆ ಮನಸ್ಸು ಹೋಗಲಿಲ್ಲ. ಆ ಕಟ್ಟಡದಲ್ಲಿ ಇನ್ನೂ ಎಷ್ಟೋ ಸಂಸಾರಗಳಿವೆ ಎಂಬ ಸರಳ ಸಂಗತಿ, ಜೀವನವಿಡೀ ತರ್ಕ ಪಾಠ ಮಾಡಿದವಳಿಗೆ, ಹೊಳೆಯಲೇ ಇಲ್ಲ. ಓಡೋಣವೆಂದರೆ ಕಾಲು ಕಿತ್ತಿಡಲಾಗಲಿಲ್ಲ. ಲಾರಿಯೊಂದು ಮೂಗು ಸವರಿಕೊಂಡು ಹೋಯಿತು. ದೀಪದ ಕಂಬವನ್ನು ತಬ್ಬಿಕೊಂಡು ನಿಂತೆ. (ಹೌದು, ತಬ್ಬಿಕೊಂಡೆ.) ಇನ್ನೊಂದು ಕೈಯ ಬೆರಳು ಮಾತ್ರ ಒತ್ತುತ್ತಲೇ ಇತ್ತು.

ಆಗ ರಸ್ತೆಯ ನಟ್ಟನಡುವೆ ನಮ್ಮವರು ಕಂಡರು. ಒಂದು ಕಾಲಿಗೆ ಅವರ ಚಪ್ಪಲಿ, ಇನ್ನೊಂದಕ್ಕೆ ನನ್ನದು. ಎರಡೂ ಕೈಯಲ್ಲಿ ಸ್ಟೀಲ್ ಡಬ್ಬಿ, ಒಳಗಿನಿಂದ ರಿಂಗು. ಬಸ್ಸೊಂದು ಕಿರ್ರೆಂದು ನಿಂತಿತು.

"ಏನ್ ತಾತಾ, ಸಾಯೋಕೆ ನನ್ನ ಬಸ್ಸೇ ಬೇಕಿತ್ತಾ?"

"ತಡಿಯಪ್ಪಾ, ನನ್ನ ಹೆಂಡ್ತಿ ಕರೀತಿದ್ದಾಳೆ!"

ಏದುಸಿರು ಬಿಡುತ್ತ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನಾಯ್ತೇ? ಆ ಡಾಕ್ಟ್ರು ಏನ್ ಮಾಡಿದ್ರು? ನಿನ್ನ ಫೋಟೋ ಮೇಲಿಂದ ಮೇಲೆ ಬರ್ತಾನೇ ಇತ್ತು, ಗುರಾಯಿಸ್ಕೊಂಡು. ಮುಟ್ಟೋಣ ಅಂದ್ರೆ, ಗೊತ್ತಿರೋ ಮುಖ ನಂಬಬೇಡಿ ಅಂತ ನೀನೇ ಹೇಳಿದ್ದೆ. ಅದಕ್ಕೇ ಖುದ್ದಾಗಿ ನೋಡ್ಕೊಂಡು ಹೋಗೋಣ ಅಂತ ಬಂದೆ."

ನಾನು ಆಂಬುಲೆನ್ಸಿನ ಕಡೆ ಕೈ ತೋರಿಸಿದೆ.

"ಅದಾ? ಮೂರನೇ ಮಹಡಿ ಹುಡುಗಿಗೆ ಹೆರಿಗೆ ನೋವಂತೆ."

ಚೆನ್ನಾಗಿ ಬೈಯಬೇಕೆನಿಸಿತು. ಬಾಯಿ ತೆರೆದರೆ ಬಂದದ್ದು ಜೊಲ್ಲು ಮಾತ್ರ.

"ಸರಿ, ಇದರ ಬೀಗ ತೆಗಿ, ಕ್ಷೇಮವಾಗಿದೆಯಾ ನೋಡೋಣ," ಎಂದು ಡಬ್ಬಿ ಒಡ್ಡಿದರು. ಹೆಬ್ಬೆರಳಿಟ್ಟೆ. ಬೆವರಿ ಒದ್ದೆಯಾಗಿದ್ದ ಆ ಬೆರಳನ್ನು ಫೋನು ನಂಬಲಿಲ್ಲ. ಗುಟ್ಟಿನ ಸಂಖ್ಯೆ, ತಲೆಯಲ್ಲಿ ಭದ್ರವಾಗಿದ್ದದ್ದು, ಅಲ್ಲಿಂದ ಹೊರಬರಲೇ ಇಲ್ಲ.

"ಇರಲಿ ಬಿಡು. ನಿಂಗೂ ಸವೆದಿರಬೇಕು," ಎಂದು ಅವರು ಡಬ್ಬಿ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಕಂಬದಿಂದ ನನ್ನ ಕೈ ಬಿಡಿಸಿದರು. ಆಮೇಲೆ ವಾಹನಗಳು ಬರುವ ಕಡೆಗೆ ತಾವು ಸರಿದು, ನನ್ನ ಮಣಿಕಟ್ಟು ಹಿಡಿದು, ಮೊದಲು ತಾವೇ ರಸ್ತೆಗಿಳಿದರು.