ಕೆಂಪು ಕಾರಿಗೆ ಮಾವಿನಕಾಯಿ ಕಿಂಡಿ

ಆ ಶುಕ್ರವಾರವೂ ನಮ್ಮ ಮನೆಯಲ್ಲಿ ಬೆಳಗಾಗಬೇಕಾದ ಕ್ರಮದಲ್ಲೇ ಬೆಳಗಾಯಿತು. ಐದೂವರೆಗೆ ಹಾಲಿನ ಪ್ಯಾಕೆಟ್ಟು, ಆರಕ್ಕೆ ಡಿಕಾಕ್ಷನ್ನು, ಆರೂವರೆಗೆ ನಮ್ಮ ಯಜಮಾನರು ಹಳೆಯ ಬನಿಯನ್ನಿನ ತುಂಡು ಹಿಡಿದು ಕಾರಿನ ಸನ್ನಿಧಿಗೆ. ಬನಿಯನ್ನನ್ನು ನಾಲ್ಕು ಮಡಿಕೆ ಮಾಡಿ, ಒಂದು ಮಡಿಕೆಯಲ್ಲಿ ಬಾನೆಟ್ಟು, ಇನ್ನೊಂದರಲ್ಲಿ ಬಾಗಿಲು, ಮತ್ತೊಂದರಲ್ಲಿ ಕನ್ನಡಿ ಒರೆಸುತ್ತಾರೆ. ನಮ್ಮ ಮದುವೆಯ ಫೋಟೊವನ್ನು ಅವರು ಹೀಗೆ ಒರೆಸಿದ್ದನ್ನು ನಾನು ನೋಡಿಲ್ಲ.

ಅದು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡಾದರೂ ಇವರ ಇಪ್ಪತ್ತು ವರ್ಷದ ಕನಸು. ಒಳಗೆ ಕೂರುವುದೆಂದರೆ ಊಟದ ಮಣೆಯ ಮೇಲೆ ಕೂತಂತೆ. ಇಳಿಯುವುದೆಂದರೆ ಮಣೆಯಿಂದ ಎದ್ದಂತೆ, ಅದೂ ಸೀರೆಯುಟ್ಟು. ಜಯನಗರದ ಹಂಪುಗಳಿಗೆ ಹೆದರಿ ಅದು ಭಾನುವಾರ ಮಾತ್ರ ಹೊರಡುತ್ತದೆ. ಉಳಿದ ದಿನ ಇವರು ಮೆಟ್ರೋದಲ್ಲಿ ನೇತಾಡುತ್ತಾರೆ, ನಾನು ನನ್ನ ಸಣ್ಣ ಕಾರಿನಲ್ಲಿ ಓಡಾಡುತ್ತೇನೆ.

ಇಂಥ ಕಾರಿಗೂ ಒಂದು ಕೊರತೆಯಿತ್ತು. ಫೆಂಡರಿಗೆ ಕಿಂಡಿಗಳಿರಲಿಲ್ಲ. ಫೆಂಡರೆಂದರೆ ಮುಂದಿನ ಚಕ್ರಕ್ಕೆ ಸೆರಗಿನ ಹಾಗೆ ಹೊದಿಸಿರುವ ತಗಡು. ಚಕ್ರದ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿ ಅಲ್ಲಿಂದ ಹಿಂದಕ್ಕೆ ಹೋಗಲು ಕಿಂಡಿ ಬೇಕಂತೆ. ಆರು ತಿಂಗಳಿಂದ ಇವರು ಡೈರಿಯಲ್ಲಿ ಕಿಂಡಿ ಬರೆಯುವುದು, ರಬ್ಬರಿನಲ್ಲಿ ಉಜ್ಜುವುದು. ಮಾಡಿಸಿಬಿಡಿ ಎಂದರೆ, "ತೂತು ಮಾಡಿದ್ಮೇಲೆ ಮುಚ್ಚಕ್ಕಾಗಲ್ಲ ಕಣೇ" ಎನ್ನುವರು.

ಮರುದಿನ ಶನಿವಾರ ಅವರ ಐವತ್ತನೆಯ ಹುಟ್ಟುಹಬ್ಬ. ಬೆಳಿಗ್ಗೆ ಐದಕ್ಕೇ ಹೊರಟು, ಇಬ್ಬರೇ, ಆ ಕಾರಿನಲ್ಲಿ ರಾಮನಗರಕ್ಕೆ ಹೋಗಿ ಇಡ್ಲಿ ತಿಂದು ಬರುವುದೆಂದು ತೀರ್ಮಾನವಾಗಿತ್ತು. ಒಂದು ವಾರದಿಂದ ಇವರು ಮಾತಾಡಿದ್ದು ಅದೊಂದನ್ನೇ. ಅಷ್ಟರೊಳಗೆ ಕಿಂಡಿ ಕೂರಿಸಿ ಆಶ್ಚರ್ಯಪಡಿಸುವುದು ಧರ್ಮಪತ್ನಿಯಾದ ನನ್ನ ಕರ್ತವ್ಯವೆಂದು ನಾನು ಗುಟ್ಟಾಗಿ ನಿರ್ಧರಿಸಿದ್ದೆ.

ವಿನ್ಯಾಸವೂ ನನ್ನದೇ. ಇವರ ಡೈರಿಯ ಕಿಂಡಿಗಳು ಮೀನಿನ ಕಿವಿರಿನಂತಿದ್ದವು, ಒಂದು ಲಕ್ಷಣವಿಲ್ಲ. ನಾನು ನನ್ನ ರೇಷ್ಮೆ ಸೀರೆಯ ಅಂಚಿನ ಮಾವಿನಕಾಯಿಯನ್ನು ಕಂದು ಕಾಗದದ ಮೇಲೆ ದೊಡ್ಡದಾಗಿ ಇಳಿಸಿದೆ. ಮೇಲೆ ಅಗಲ, ಕೆಳಗೆ ಕೊಂಕಿದ ತುದಿ, ನಡುವೆ ಹಿಂದಕ್ಕೆ ಬಾಯಿ ತೆರೆದು ಉಬ್ಬಿದ ಮೂರು ರೆಕ್ಕೆ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ನೋಡಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು. ಮೂಲೆಯಲ್ಲಿ ಮುತ್ತಿನಂಥ ಅಕ್ಷರಗಳಲ್ಲಿ "ಇದರಂತೆ ಎರಡು" ಎಂದು ಬರೆದು, ಅಡುಗೆಮನೆಯ ಚಿಮಣಿ ಮಾಡುವ ಸಾರಕ್ಕಿಯ ತಗಡಿನ ಕಾರ್ಖಾನೆಗೆ ಕೊಟ್ಟಿದ್ದೆ.

ಗುರುವಾರ ಎರಡು ತುಂಡೂ ಬಂದಿದ್ದವು. ಒಂದರ ಮೇಲೊಂದು ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ಮೇಲೆ ನನಗೇ ಗೌರವ ಹುಟ್ಟಿತು.

ಶುಕ್ರವಾರ ಇವರು ಊಟದ ಡಬ್ಬಿ ಹಿಡಿದು ಗೇಟು ದಾಟಿದ ಹತ್ತು ನಿಮಿಷಕ್ಕೆ ನಾನು ಕೀ ತೆಗೆದುಕೊಂಡು ಹೊರಟೆ. ಕುಮಾರಸ್ವಾಮಿ ಲೇಔಟಿನಲ್ಲಿ ಬಸವರಾಜಪ್ಪ ಎಂಬವರ ಗ್ಯಾರೇಜು. ಹಣೆಯಲ್ಲಿ ವಿಭೂತಿ, ಕಿವಿಯ ಹಿಂದೆ ಪೆನ್ಸಿಲ್ಲು. ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಮೇಡಂ, ಇದಕ್ಕೆ ತೂತು ಹೊಡೀಬೇಕಾ? ಸಾರ್‌ಗೆ ಗೊತ್ತಾ?"

"ಇಲ್ಲ. ಸರ್‌ಪ್ರೈಸ್."

"ಸರ್‌ಪ್ರೈಸ್ ಅಂತೂ ಆಗುತ್ತೆ ಬಿಡಿ" ಎಂದು ಪೆನ್ಸಿಲ್ ತೆಗೆದರು.

ಕಂದು ಕಾಗದವನ್ನು ಎಡ ಫೆಂಡರಿಗೆ ಅಂಟಿಸಿ ಗೆರೆ ಎಳೆದರು. ಯಂತ್ರ ಕಿರುಚಿತು, ಕೆಂಪು ಬಣ್ಣ ಕುಂಕುಮದಂತೆ ಉದುರಿತು, ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮಾವಿನಕಾಯಿ ಕೂತಿತ್ತು. ಹುಟ್ಟುವಾಗಲೇ ಇತ್ತೇನೋ ಎಂಬಂತೆ!

"ಸಖತ್ತಾಗಿದೆ ಮೇಡಂ" ಎಂದು ಬಸವರಾಜಪ್ಪನವರು ಅದೇ ಕಾಗದವನ್ನು ಮಗುಚಿ ಬಲ ಫೆಂಡರಿಗೆ ಅಂಟಿಸಿದರು. "ಕೊರೆಯೋಕ್ ಮುಂಚೆ ಇನ್ನೊಂದು ಪೀಸ್ ಇಟ್ಟು ನೋಡೋಣ, ಕೊಡಿ."

"ಎರಡೂ ಒಂದೇ. ನಾನೇ ಚೆಕ್ ಮಾಡಿದ್ದೀನಿ. ನೀವು ಕೊರೀರಿ, ನನಗೆ ಲೇಟಾಗುತ್ತೆ" ಎಂದೆ.

ಅವರು ಕೊರೆದರು. ತುಂಡನ್ನು ಇಟ್ಟರು. ತೆಗೆದರು. ತಲೆಕೆಳಗೆ ಮಾಡಿ ಇಟ್ಟರು. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡರು.

"ಮೇಡಂ, ಎರಡೂ ಒಂದೇ."

"ಅದನ್ನೇ ಅಲ್ವಾ ನಾನು ಹೇಳಿದ್ದು?"

"ಎರಡೂ ಎಡಗಡೇದು."

ನಾನು ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಬಟ್ಟೆಯನ್ನು ಮಡಿಚಿ, ಜೋಡಿ ಪದರ ಮಾಡಿ ಕತ್ತರಿಸುತ್ತೇವೆ. ಒಂದು ಸಲ ಕತ್ತರಿ ಆಡಿಸಿದರೆ ಎಡತೋಳು ಬಲತೋಳು ತಾವಾಗಿಯೇ ಬರುತ್ತವೆ. ಆದರೆ ತಗಡನ್ನು ಯಾರೂ ಮಡಿಚಿ ಕತ್ತರಿಸುವುದಿಲ್ಲ. ಈ ಸಣ್ಣ ಸಂಗತಿ ನನಗೆ ಹೊಳೆದದ್ದು, ಬಲ ಫೆಂಡರಿನ ಮಾವಿನಕಾಯಿ ಆಕಾರದ ತೂತಿನೊಳಗಿಂದ ಚಕ್ರ ನನ್ನನ್ನು ನೋಡುತ್ತಿರುವಾಗ.

ಕಾರ್ಖಾನೆಗೆ ಫೋನು ಮಾಡಿದೆ. "ಸೋಮವಾರ ನೋಡೋಣಕ್ಕ" ಎಂದರು. ಗಂಟೆ ಮೂರೂವರೆ. ಆರಕ್ಕೆ ಇವರು ಮನೆಗೆ ಬರುತ್ತಾರೆ. ಆಗ ನನಗೊಂದು ಉಪಾಯ ಹೊಳೆಯಿತು. ಅಂದು ಹೊಳೆದ ಉಪಾಯಗಳಲ್ಲಿ ಇದೇ ಕೊನೆಯದಾಗಿದ್ದರೆ ಎಷ್ಟು ಚೆನ್ನಾಗಿತ್ತು.

"ಸ್ವೆಟರ್ ಉಲ್ಟಾ ಹಾಕ್ಕೊಳ್ಳಲ್ವಾ, ಹಾಗೆ ಒಳಗಡೆ ಹೊರಗಡೆ ಮಾಡಿ ಕೂರಿಸಿ" ಎಂದೆ.

ಕೂರಿಸಿದರು. ಆಕಾರ ಸರಿಯಾಗಿ ಕೂತಿತು. ಆದರೆ ಹೊರಗೆ ಉಬ್ಬಬೇಕಾದ ರೆಕ್ಕೆಗಳು ಒಳಗೆ ಉಬ್ಬಿದವು. ಬಸವರಾಜಪ್ಪನವರು ಸ್ಟೀರಿಂಗ್ ತಿರುಗಿಸಿ, ಚಕ್ರದ ಬಳಿ ಕಿವಿಯಿಟ್ಟು, ಡಾಕ್ಟರರ ಧ್ವನಿಯಲ್ಲಿ ಹೇಳಿದರು. "ಬಲಕ್ಕೆ ಎಷ್ಟು ಬೇಕಾದ್ರೂ ತಿರುಗ್ಸಿ. ಎಡಕ್ಕೆ ಮಾತ್ರ ಬೇಡ. ಟೈರು ರೆಕ್ಕೆಗೆ ಉಜ್ಜುತ್ತೆ."

ಎಡಕ್ಕೆ ತಿರುಗದೆ ಕುಮಾರಸ್ವಾಮಿ ಲೇಔಟಿನಿಂದ ಜಯನಗರಕ್ಕೆ ಬರಲು ಸಾಧ್ಯವೇ? ಸಾಧ್ಯ. ಸಾರಕ್ಕಿ ಸಿಗ್ನಲ್ಲಿನಲ್ಲಿ ಎಡಕ್ಕೆ ಹೋಗಬೇಕಿತ್ತು, ನೇರ ಹೋದೆ. ಮೂರು ಸಲ ಬಲಕ್ಕೆ ತಿರುಗಿದರೆ ಒಂದು ಎಡ ಸಿಗುತ್ತದೆಂಬುದು ನನ್ನ ಲೆಕ್ಕ. ಮೊದಲನೆಯ ಬಲ ಸಿಕ್ಕಿತು. ಎರಡನೆಯದು ಒನ್‌ವೇ. ಮುಂದಿನದಕ್ಕೆ ರಸ್ತೆ ಅಗೆದಿದ್ದರು. ಅದರ ಮುಂದಿನದು ನನ್ನನ್ನು ಒಂದು ಕಲ್ಯಾಣ ಮಂಟಪದ ಪಾರ್ಕಿಂಗಿಗೆ ಕರೆದೊಯ್ದಿತು. ಜೆ.ಪಿ. ನಗರದ ಒಂದೇ ಎಳನೀರಿನ ಗಾಡಿಯನ್ನು ಮೂರು ಸಲ ದಾಟಿದೆ. ಮೂರನೆಯ ಸಲ ಎಳನೀರಿನಾತ ಮಚ್ಚು ಕೆಳಗಿಟ್ಟು ಕೇಳಿದ.

"ಅಡ್ರೆಸ್ ಹುಡುಕ್ತಿದೀರಾ ಮೇಡಂ?"

"ಇಲ್ಲಪ್ಪ, ಅಡ್ರೆಸ್ ಗೊತ್ತು" ಎಂದೆ.

ಸಿಗ್ನಲ್ಲಿನಲ್ಲಿ ಬೈಕಿನ ಹುಡುಗಿಯೊಬ್ಬಳು ಕಿಟಕಿಗೆ ಬಗ್ಗಿ, "ಆಂಟಿ, ನೀವು ರೇಸಿಗೆ ಪ್ರಾಕ್ಟೀಸ್ ಮಾಡ್ತಿದೀರಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ನನಗೆ ಅಳು ಬಂತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಬಲಕ್ಕೆ ತಿರುಗಿದೆ.

ಹೇಗೋ ನಮ್ಮ ರಸ್ತೆಯ ತುದಿಗೆ ಬಂದಾಗ ಆರಕ್ಕೆ ಐದು ನಿಮಿಷ. ಮನೆಗೆ ಇನ್ನೊಂದೇ ಒಂದು ತಿರುವು. ಎಡಕ್ಕೆ. ರಸ್ತೆಯ ಆ ತುದಿಯಿಂದ ಬಂದರೆ ಬಲಕ್ಕಾಗುತ್ತಿತ್ತು, ಅಲ್ಲಿ ಮರಳಿನ ಲಾರಿ ಅಡ್ಡ ನಿಂತಿತ್ತು. ದೇವರ ಹೆಸರು ಹೇಳಿ ತಿರುಗಿಸಿದೆ. ಒಣ ತೆಂಗಿನಚಿಪ್ಪನ್ನು ಸಿಮೆಂಟಿಗೆ ಉಜ್ಜಿದಂಥ ಸದ್ದು ಬೀದಿಯುದ್ದಕ್ಕೂ ಬಂತು. ಮುಂದೆ ಡಬ್ಬಿ ಹಿಡಿದು ನಡೆದು ಹೋಗುತ್ತಿದ್ದ ವ್ಯಕ್ತಿ ತಿರುಗಿ ನೋಡಿದರು.

ಅವರೇ.

ಬೈಯಲಿಲ್ಲ. ಎಡಗಡೆಗೆ ಬಂದು ಬೆರಳಿನಿಂದ ಮುಟ್ಟಿದರು.

"ಮಾವಿನಕಾಯಿ?"

"ಹೂಂ. ಸೀರೆ ಅಂಚಿಂದು."

ಬಲಗಡೆಗೆ ಹೋದರು. ಬಗ್ಗಿದರು. ಒಳಗೆ ಉಬ್ಬಿದ ರೆಕ್ಕೆಗಳನ್ನು ಒಂದೊಂದಾಗಿ ತಡವಿದರು. ಅವರ ಕಾಲರಿನ ಹಿಂಭಾಗ ಸವೆದಿರುವುದು ಆಗ ಕಾಣಿಸಿತು. ಮಗುಚಿ ಹೊಲಿದುಕೊಡಬೇಕೆಂದುಕೊಂಡೆ. ಮರುಕ್ಷಣ, ಸದ್ಯಕ್ಕೆ ಈ ಮನೆಯಲ್ಲಿ ನಾನು ಏನನ್ನೂ ಮಗುಚದಿರುವುದೇ ಒಳ್ಳೆಯದೆನ್ನಿಸಿತು.

"ಹ್ಯಾಪಿ ಬರ್ತ್‌ಡೇ" ಎಂದೆ.

"ನಾಳೆ" ಎಂದರು.

"ರಾಮನಗರ?"

"ಎಡಕ್ಕೆ ತಿರುಗದೆ ಹೋದ್ರೆ ಇಡ್ಲಿ ತಿನ್ನೋದು ಭಾನುವಾರ ಆಗುತ್ತೆ. ನಿನ್ನ ಸಣ್ಣ ಕಾರಲ್ಲೇ ಹೋಗೋಣ" ಎಂದು ನಗಲು ಪ್ರಯತ್ನಿಸಿದರು. ಪೂರ್ತಿ ಆಗಲಿಲ್ಲ. ಬನಿಯನ್ ತುಂಡು ತಂದು, ತೂತಿನ ಅಂಚಿಗೆ ಅಂಟಿದ್ದ ಕೆಂಪು ಪುಡಿಯನ್ನು ಒರೆಸತೊಡಗಿದರು. ನಾನು ಪಕ್ಕದಲ್ಲಿ ನಿಂತು, ಎಡಗಡೆಯದಾದರೂ ಚೆನ್ನಾಗಿ ಬಂದಿದೆಯಲ್ಲ, ನನ್ನ ಕೈಚಳಕವನ್ನು ಅದೊಂದಾದರೂ ಲೋಕಕ್ಕೆ ಸಾರುತ್ತದಲ್ಲ ಎಂದು ಸಮಾಧಾನ ತಂದುಕೊಂಡೆ.

ಆ ಹೊತ್ತಿಗೆ ಎದುರುಮನೆಯ ಜಯಮ್ಮನವರು ದೇವಸ್ಥಾನದಿಂದ ಬಂದರು. ಇದೇ ಸಾರಕ್ಕಿಯ ಹಳೆಯ ಮನೆತನ, ನಾಲ್ಕು ಕಟ್ಟಡ ಕಟ್ಟಿಸಿದವರು, ತಗಡು ತಾರಸಿಗಳ ವಿಷಯದಲ್ಲಿ ಅವರ ಕಣ್ಣು ತಪ್ಪುವುದಿಲ್ಲ. ಕಾರಿನ ಎರಡೂ ಬದಿ ನೋಡಿ, ಪ್ರಸಾದದ ಹೂವನ್ನು ನನ್ನ ಕೈಗೆ ಹಾಕುತ್ತ ಹೇಳಿದರು.

"ಬಲಗಡೆ ಏನೋ ನೀಟಾಗಿ ಕೂರ್ಸವ್ರೆ ಕಣಮ್ಮ. ಎಡಗಡೆ ಯಾರು ಗುದ್ದಿದ್ದು? ಹಂಗೇ ಉಬ್ಕೊಂಡ್ಬಿಟ್ಟದೆ. ಬೇಗ ತಟ್ಸಿ ಒಳಕ್ ಹಾಕ್ಸು."