ಬ್ಲೂಸ್ ಕೇಳಲು ಬೇಕಾದ ದಿಂಬು

ಅಮೆರಿಕದ ಬ್ಲೂಸ್ ಸಂಗೀತವನ್ನು ಅಂಬಾದಾಸನಷ್ಟು ಶ್ರದ್ಧೆಯಿಂದ ಕೇಳಿದ ಕನ್ನಡಿಗ ಪುಣೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ ಎಂದು ಬಲ್ಲವರು ಹೇಳುತ್ತಿದ್ದರು. ಪ್ರತಿ ಭಾನುವಾರ ಊಟ ಮುಗಿಸಿ ಖಡಕಿಯಲ್ಲಿ ಬಸ್ಸು ಹತ್ತಿದನೆಂದರೆ ಇಳಿಯುವುದು ವಿಮಾನ ನಗರದಲ್ಲಿ, ಗೆಳೆಯ ಮುನಿಸ್ವಾಮಿಯ ಮನೆ ಹತ್ತಿರ. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮುನಿಸ್ವಾಮಿ ರೆಕಾರ್ಡು ಹಚ್ಚುತ್ತಿದ್ದ. ಅಂಬಾದಾಸ ಸೋಫಾಕ್ಕೆ ಒರಗಿ, ಕಣ್ಣು ಮುಚ್ಚಿ, ತಲೆದೂಗುತ್ತಿದ್ದ. ಹಾಡು ಮುಗಿದಾಗ ಕಣ್ಣು ತೆರೆದು, “ವಾಹ್! ಭಾಳ ದುಃಖ ಅದ ಬಿಡು ಮಾರಾಯ, ಈ ಹಾಡಿನ್ಯಾಗ” ಎನ್ನುತ್ತಿದ್ದ.

ಅವನು ನಿದ್ದೆ ಮಾಡುತ್ತಿದ್ದ ಎಂಬುದು ಅವನಿಗೊಬ್ಬನಿಗೇ ಗೊತ್ತಿದ್ದ ರಹಸ್ಯ.

(ಆ ಸೋಫಾದ್ದೂ ಸ್ವಲ್ಪ ತಪ್ಪಿತ್ತು. ಅಷ್ಟು ಮೆತ್ತಗಿನ ಆಸನದಲ್ಲಿ ಕೂರಿಸಿ ದುಃಖದ ಹಾಡು ಹಾಕಿದರೆ ಋಷಿಮುನಿಗಳಿಗೂ ಜೊಂಪು ಹತ್ತೀತು.)

ಮುನಿಸ್ವಾಮಿ ತೀರಿಕೊಂಡು ವರ್ಷವಾಗುತ್ತ ಬಂದಾಗ ಅವನ ಮಗಳು ಸಿಂಧುವಿನ ಫೋನು ಬಂತು.

“ಅಂಕಲ್, ಅಪ್ಪನ ವರ್ಷದ ತಿಥಿ ಭಾನುವಾರನೇ ಬಂದಿದೆ. ಊಟ ಆದ್ಮೇಲೆ ನನ್ನ ಆಫೀಸ್ ಫ್ರೆಂಡ್ಸ್‌ಗೆ ಅಪ್ಪನ ರೆಕಾರ್ಡ್ಸ್ ಕೇಳಿಸ್ಬೇಕು. ಅವರಿಗೆ ಬ್ಲೂಸ್ ಹೊಸದು. ಯಾರಿಂದ ಶುರು ಮಾಡ್ಬೇಕು ಅಂತ ನೀವೇ ಹೇಳ್ಕೊಡಿ. ಅಪ್ಪನ ಜೊತೆ ಕೂತು ಕೇಳಿರೋರು ನೀವೊಬ್ಬರೇ ತಾನೆ?”

“ಆಗಲೇಳವ್ವ” ಎಂದ ಅಂಬಾದಾಸ. ಗೆಳೆಯ ಅಷ್ಟು ವರ್ಷ ಅಕ್ಕರೆಯಿಂದ ಬಡಿಸಿದ್ದನ್ನು ತಾನು ಒಂದು ತುತ್ತೂ ತಿಂದಿರಲಿಲ್ಲ. ಇದು ಮುನಿಸ್ವಾಮಿಯ ಹೆಂಡತಿ ನರ್ಮದಾ ವೈನಿಗೆ ಗೊತ್ತಾದರೆ? ಗಂಡನ ಆಪ್ತ ಗೆಳೆಯ ಬರುತ್ತಿದ್ದದ್ದು ಸೋಫಾಕ್ಕಾಗಿ ಎಂದುಕೊಂಡರೆ?

ಮುನಿಸ್ವಾಮಿಯ ಮುನ್ನುಡಿಗಳೇನೋ ನೆನಪಿದ್ದವು, ಏಕೆಂದರೆ ಅಲ್ಲಿಯವರೆಗೆ ಎಚ್ಚರವಿರುತ್ತಿತ್ತು. “ಹೊಸಬನಿಗೆ ಮೊದಲು ರಾಬರ್ಟ್ ಜಾನ್ಸನ್ ಕಣಯ್ಯಾ. ಒಬ್ಬನೇ ನುಡಿಸಿದ್ರೂ ಇಬ್ಬರು ಕೂತ ಹಾಗೆ ಕೇಳುತ್ತೆ. ಆಮೇಲೆ ಬೆಸ್ಸಿ ಸ್ಮಿತ್, ಬ್ಲೂಸ್‌ಗೆ ಅವಳೇ ಚಕ್ರವರ್ತಿನಿ. ಜಾನ್ ಲೀ ಹೂಕರ್ ಕೇಳುವಾಗ ಗಿಟಾರು ಬಿಡು, ಅವನ ಕಾಲಿನ ತಾಳ ಕೇಳು. ಬಿ. ಬಿ. ಕಿಂಗ್‌ನದಾದರೆ ಶಿಕಾಗೋದಲ್ಲಿ ಜನರ ಮುಂದೆ ಹಾಡಿದ್ದನ್ನೇ ಕೇಳಬೇಕು, ಜನ ಕಿರುಚೋದೂ ಅದರಲ್ಲಿ ಸಂಗೀತವೇ.” ಮುನ್ನುಡಿಗಳೆಲ್ಲ ಬಾಯಿಪಾಠ, ಹಾಡು ಮಾತ್ರ ಒಂದೂ ಗೊತ್ತಿರಲಿಲ್ಲ.

ಅಂಬಾದಾಸ ಕಲಿಯಲು ಕೂತ. ನರ್ಮದಾ ಅವರಿಂದ ಒಂದು ರೆಕಾರ್ಡು ತಂದ. ಮುನಿಸ್ವಾಮಿ ಅದನ್ನು ಜುನಾ ಬಜಾರಿನ ಗುಜರಿಯಲ್ಲಿ ಕೊಂಡಿದ್ದ. ಹೊದಿಕೆ ಇರಲಿಲ್ಲ, ನಡುವಿನ ಚೀಟಿ ಸವೆದು ಹೆಸರು ಅಳಿಸಿತ್ತು. ಹೆಂಡತಿ ಅನುಸೂಯಾಳ ತಮ್ಮ ದತ್ತು ಹಳೆಯದೊಂದು ಪ್ಲೇಯರ್ ತಂದುಕೊಟ್ಟ. ನಿದ್ದೆ ಬಾರದಿರಲೆಂದು ಅಂಬಾದಾಸ ಹಣೆಗೆ ಬಾಮು ಹಚ್ಚಿಕೊಂಡು, ಗೋಡೆಗೆ ಒರಗದೆ ನಿಂತು, ಸೂಜಿ ಇಟ್ಟ. ಸಣ್ಣ ಚೂಪು ಧ್ವನಿಯೊಂದು ಒಂದೇ ಉಸಿರಿಗೆ ಓಡತೊಡಗಿತು. ಸಂದೇಹವೇ ಇಲ್ಲ, ಹೆಂಗಸು. ಅಂದಮೇಲೆ ಬೆಸ್ಸಿ ಸ್ಮಿತ್.

ಅನುಸೂಯಾ ಸೌಟು ಹಿಡಿದೇ ಹೊರಗೆ ಬಂದಳು. “ಏನ್ರೀ ಅದು, ಬಾಗಲದಾಗ ಬಾಲ ಸಿಕ್ಕ ಬೆಕ್ಕಿನಂಗ ಒದರ್ಲಿಕ್ಹತ್ತೇದ?”

“ಸುಮ್ಮಕಿರು. ಚಕ್ರವರ್ತಿನಿ ಆಕಿ.”

“ಚಕ್ರವರ್ತಿನಿಗೆ ಇಷ್ಟ್ಯಾಕ ಗಡಿಬಿಡಿ? ಬಸ್ ತಪ್ತದೇನು?”

“ದುಃಖ ಆದವರು ಹಂಗ ಲಗೂಲಗು ಹಾಡ್ತಾರ. ನಿನಗ ತಿಳಿಯಂಗಿಲ್ಲ.”

“ನಮ್ಮವ್ವ ಸತ್ತಾಗ ನಾನೂ ಅತ್ತೀನ್ರಿ. ಹಿಂಗ ಓಡಿಕೋತ ಅತ್ತಿದ್ದಿಲ್ಲ.”

ಅಂಬಾದಾಸ ಇಂಥ ಅರಸಿಕ ಟೀಕೆಗಳಿಗೆ ಕಿವಿಗೊಡಲಿಲ್ಲ. ಬೆಸ್ಸಿ ಸ್ಮಿತ್‌ಳ ಧ್ವನಿಯ ಬಳುಕು, ಬೆಡಗು, ಗಂಡನನ್ನು ಕಳೆದುಕೊಂಡ ಹೆಣ್ಣಿನ ತಳಮಳ, ಎಲ್ಲವನ್ನೂ ಹೊಂದಿಸಿ ಭಾಷಣ ಸಿದ್ಧಮಾಡಿಕೊಂಡ.

ತಿಥಿಯ ದಿನ ವಡೆ, ಪಾಯಸದ ಊಟ ಗಡದ್ದಾಗಿ ಆಯಿತು. ಸಿಂಧುವಿನ ಸ್ನೇಹಿತರು ಚಾಪೆಯ ಮೇಲೆ ಕೂತರು. ನರ್ಮದಾ ಗಂಡನ ಪ್ಲೇಯರನ್ನು ಒರೆಸಿಕೊಟ್ಟರು. ಇಡೀ ವರ್ಷ ಅವರು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಅಂಬಾದಾಸ ಗಂಟಲು ಸರಿಪಡಿಸಿಕೊಂಡ. ತಲೆಯ ಮೇಲೆ ವಿಮಾನವೊಂದು ಗುಡುಗುತ್ತ ಹೋಯಿತು. ಅದು ದಾಟುವವರೆಗೆ ಕಾಯ್ದ. ಮುನಿಸ್ವಾಮಿಯೂ ಹಾಗೇ ಕಾಯುತ್ತಿದ್ದ.

“ಹೊಸಬರು ಈ ತಾಯಿಯಿಂದನ ಶುರು ಮಾಡ್ರಿ. ಬೆಸ್ಸಿ ಸ್ಮಿತ್! ಆ ಕೋಮಲ ಕಂಠದಾಗ ಒಂದು ಹೆಣ್ಣಿನ ಸಂಕಟ ಹೆಂಗ ಹರೀತದ, ಕೇಳ್ರಿ.”

ಸೂಜಿ ಇಟ್ಟ. ಅದೇ ರೆಕಾರ್ಡಿನಿಂದ, ಲಾರಿಯೊಂದು ಘಟ್ಟ ಹತ್ತಿದಂಥ ಭಾರವಾದ ಗಂಡುಧ್ವನಿ ಹೊರಟಿತು.

ಸಿಂಧು ಮೆಲ್ಲಗೆ, “ಅಂಕಲ್, ಇದು ಮಡ್ಡಿ ವಾಟರ್ಸ್ ಅನ್ನೋರು ಹಾಡಿರೋದು” ಎಂದಳು.

“ಅಯ್ಯ!” ಎಂದು ಅನುಸೂಯಾ ಮೂಗಿನ ಮೇಲೆ ಬೆರಳಿಟ್ಟಳು. “ನಮ್ಮ ಮನ್ಯಾಗ ಹೆಣ್ಮಗಳಿದ್ರು. ವಿಮಾನ ನಗರಕ್ಕ ಬರೂದ್ರಾಗ ಗಂಡಸಾದ್ರಲ್ರಿ!”

ಆಮೇಲೆ ವಿಚಾರಣೆ ನಡೆದು ಸತ್ಯ ಹೊರಬಿತ್ತು: ನಿಧಾನವಾಗಿ ಸುತ್ತಬೇಕಾದ ರೆಕಾರ್ಡನ್ನು ದತ್ತುವಿನ ಯಂತ್ರ ಬುಗುರಿಯಂತೆ ಸುತ್ತಿಸಿ ಗಂಡುಧ್ವನಿಯನ್ನು ಹೆಣ್ಣುಧ್ವನಿ ಮಾಡಿತ್ತು. ಚಾಪೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ನರ್ಮದಾ ಸೆರಗು ಬಾಯಿಗೆ ಒತ್ತಿಕೊಂಡರು. ಭುಜ ಮಾತ್ರ ಕುಲುಕುತ್ತಲೇ ಇತ್ತು. ನಗುತ್ತಿದ್ದರು.

ಅಂಬಾದಾಸ ತಲೆ ತಗ್ಗಿಸಿದ. “ವೈನಿ, ಖರೆ ಅಂದ್ರ ನಾನು…”

“ಗೊತ್ತು ಕಣ್ರೀ, ನೀವು ಮಲಗ್ತಿದ್ರಿ. ಅವರಿಗೂ ಗೊತ್ತಿತ್ತು. ನಿಮಗೆ ಜೊಂಪು ಹತ್ತಿದ ತಕ್ಷಣ ಕತ್ತಿನ ಹಿಂದೆ ದಿಂಬು ಇಡೋರು. ರೆಕಾರ್ಡು ಮುಗಿಯೋಕೆ ಸ್ವಲ್ಪ ಮುಂಚೆ ಮೆತ್ತಗೆ ತೆಗೆದುಬಿಡೋರು. ‘ಗೊತ್ತಾದ್ರೆ ನಾಚ್ಕೊಂಡು ಬರೋದೇ ಬಿಟ್ಟಾನು’ ಅಂತ.”

ಅಂಬಾದಾಸ ತಲೆ ಎತ್ತಿದ. “ಮತ್ತ ನನಗ್ಯಾಕ ಹಚ್ಚಿ ಕೇಳಸ್ತಿದ್ದ?”

“ಇದು ಒಬ್ಬನೇ ಕೂತು ಕೇಳೋದಲ್ಲ ಅನ್ನೋರು. ನಾನು ಕೂತ್ರೆ ಯಾವಾಗ ಮುಗಿಯುತ್ತೆ ಅಂತ ಕೇಳ್ತಿದ್ದೆ. ನೀವು ಒಂದು ದಿನಾನೂ ಕೇಳಲಿಲ್ಲ ನೋಡಿ.”

ಅಂಬಾದಾಸ ಎದ್ದು ಮುಖ ತೊಳೆದು ಬಂದ. ಮುನಿಸ್ವಾಮಿಯ ಕುರ್ಚಿ ಖಾಲಿ ಇತ್ತು. ಅದಕ್ಕೆ ಎದುರಾಗಿ, ಸೋಫಾದ ತುದಿಯಲ್ಲಿ ನೆಟ್ಟಗೆ ಕೂತ. “ಮೊದಲಿಂದ ಹಚ್ಚು ಸಿಂಧವ್ವ. ಇವತ್ತು ಪೂರಾ ಕೇಳ್ತೀನಿ.”

ಕೇಳಿದ. ಮಡ್ಡಿ ವಾಟರ್ಸ್ ಒಂದು ಮಾತು ಹೇಳಿ ಸುಮ್ಮನಾಗುತ್ತಿದ್ದ. ಗಿಟಾರು ಅದಕ್ಕೆ ಉತ್ತರ ಕೊಡುತ್ತಿತ್ತು. ಅದೇ ಮಾತನ್ನು ಮತ್ತೆ ಹೇಳುತ್ತಿದ್ದ. ಗಿಟಾರಿಗೆ ಬೇಸರವೇ ಇಲ್ಲ. ಕಾರ್ಖಾನೆಯಿಂದ ಹೊರಬಂದು ಚಹಾದಂಗಡಿಯ ಬೆಂಚಿನಲ್ಲಿ ಇಬ್ಬರು ಗೆಳೆಯರು ಕೂತ ಹಾಗಿತ್ತು. ಒಬ್ಬ ಹೇಳುವುದು, ಇನ್ನೊಬ್ಬ ‘ಹೂಂ’ ಎನ್ನುವುದು. ಇದನ್ನು ಮುನಿಸ್ವಾಮಿಗೆ ಹೇಳಬೇಕಿತ್ತಲ್ಲ ಎಂದುಕೊಂಡ. ಕಣ್ಣು ಮಂಜಾಯಿತು. ಗಿಟಾರು ಇನ್ನೊಮ್ಮೆ ‘ಹೂಂ’ ಎಂದಿತು. ಮತ್ತೊಮ್ಮೆ…

“ವಾಹ್! ಭಾಳ ದುಃಖ ಅದ ಬಿಡು ಮಾರಾಯ, ಈ ಹಾಡಿನ್ಯಾಗ” ಎಂದು ಅಂಬಾದಾಸ ಕಣ್ಣು ತೆರೆದ.

ರೆಕಾರ್ಡು ಯಾವಾಗಲೋ ನಿಂತಿತ್ತು. ಯಾರೂ ಜಾಗ ಬಿಟ್ಟು ಎದ್ದಿರಲಿಲ್ಲ.

“ಮನ್ಯಾಗ ಇಷ್ಟು ಶಾಂತ ಕುಂತು ಯಾರೂ ಕೇಳಂಗಿಲ್ರಿ ಇವರ ಗೊರಕಿ” ಎಂದಳು ಅನುಸೂಯಾ.

“ವರ್ಷದಿಂದ ನಾನೂ ಆಗಾಗ ಈ ರೆಕಾರ್ಡು ಹಾಕ್ತಿದ್ದೆ. ಏನೋ ಕಮ್ಮಿ ಅನ್ನಿಸ್ತಿತ್ತು” ಎಂದು ನರ್ಮದಾ ಕಣ್ಣೊರೆಸಿಕೊಂಡರು. “ಈಗ ಸರಿಹೋಯ್ತು.”

ಅಂಬಾದಾಸ ಕತ್ತಿನ ಹಿಂದೆ ಕೈ ಹಾಕಿ ನೋಡಿದ. ಯಾರೋ ದಿಂಬು ಇಟ್ಟಿದ್ದರು. ಈ ಸಲ ಅದು ಅಲ್ಲೇ ಇತ್ತು.